ಚಿತ್ರಪಟದಲ್ಲೊಂದು ಜೇಡರ ನೂಲು

ಭೌತವಿಜ್ಞಾನದ ತರಗತಿಯಲ್ಲಿ ಚಿತ್ರಕಲೆಗೆ ಏನು ಕೆಲಸ ಎಂದು ವಾಚಕರು ಕೇಳಬಹುದು. ಬೆಳಕಿನ ಪ್ರತಿಫಲನವನ್ನು ಕುರಿತ ಪಾಠಕ್ಕೆ ಪೀಠಿಕೆಯಾಗಿ ನಾನೊಮ್ಮೆ ಬಿಸಿಲು ಹರಡಿದ ಬಯಲೊಂದರ ಚಿತ್ರದ ಪ್ರತಿಯನ್ನು ವಿದ್ಯಾರ್ಥಿಗಳ ಮುಂದೆ ಹಿಡಿದೆನು. ಚಿತ್ರದಲ್ಲಿ ಹಳ್ಳಿಯ ಹುಡುಗಿಯೊಬ್ಬಳು ಹುಲ್ಲಿನ ಮೇಲೆ ಅಂಗಾತ ಮಲಗಿ ಕೈಯನ್ನು ಮೇಲಕ್ಕೆತ್ತಿದ್ದಾಳೆ. ಮುಂದಿನ ಸಾಲಿನ ವಿದ್ಯಾರ್ಥಿನಿ ಕೇಳಿದಳು: “ಆ ಹುಡುಗಿ ಕೈಯಲ್ಲಿ ಹಿಡಿದಿರುವುದು ಏನು, ಸರ್?”

“ಜೇಡರ ನೂಲು. ಗಾಳಿಯಲ್ಲಿ ತೇಲಿ ಬಂದದ್ದು” ಎಂದೆನು.

“ಚಿತ್ರದಲ್ಲಿ ಗಾಳಿ ಬೀಸುತ್ತಿರುವಂತೆ ಕಾಣುವುದಿಲ್ಲವಲ್ಲ. ಮತ್ತೆ ತೇಲಿದ್ದು ಹೇಗೆ?”

“ಬಿಸಿಲಿಗೆ ನೆಲ ಕಾಯುತ್ತದೆ, ಕಾದ ಗಾಳಿ ಮೇಲಕ್ಕೇರುತ್ತದೆ, ನೂಲು ಅದರೊಡನೆ ಏರುತ್ತದೆ” ಎಂದು ಹೇಳಿ ನಾನು ಪಾಠಕ್ಕೆ ತಿರುಗಿದೆನು. ಆ ಉತ್ತರ ಸುಳ್ಳಾಗಿರಲಿಲ್ಲ; ಆದರೆ ಪೂರ್ತಿಯೂ ಆಗಿರಲಿಲ್ಲ. ಉಳಿದ ಭಾಗವನ್ನು ಹುಡುಕಿ ಹೋದಾಗ, ಆ ವಿದ್ಯಾರ್ಥಿನಿಯ ಪ್ರಶ್ನೆಯನ್ನೇ ಸುಮಾರು ಇನ್ನೂರು ವರ್ಷಗಳ ಹಿಂದೆ ದೊಡ್ಡ ದೊಡ್ಡ ನಿಸರ್ಗಶಾಸ್ತ್ರಜ್ಞರು ಕೇಳಿಕೊಂಡಿದ್ದರೆಂದೂ, ಅದಕ್ಕೆ ಪ್ರಯೋಗದ ಮೂಲಕ ಉತ್ತರ ದೊರೆತದ್ದು ತೀರ ಈಚೆಗೆಂದೂ ತಿಳಿಯಿತು. ಈ ಲೇಖನವು ಆ ತರಗತಿಗೆ ನಾನು ಸಲ್ಲಿಸಬೇಕಾಗಿದ್ದ ಬಾಕಿ.

ಚಿತ್ರ ಮತ್ತು ಅದರ ಹೆಸರು

ಚಿತ್ರವನ್ನು ರಚಿಸಿದವನು ಪೋಲೆಂಡಿನ ಯೂಜೆಫ್ ಹೆವ್‌ಮೊನ್‌ಸ್ಕಿ (೧೮೪೯–೧೯೧೪). ಕಾಲ ೧೮೭೫. ಆಗ ಭೂಪಟದಲ್ಲಿ ಪೋಲೆಂಡ್ ಎಂಬ ಸ್ವತಂತ್ರ ರಾಜ್ಯವೇ ಇರಲಿಲ್ಲ. ನೆರೆಯ ಮೂರು ಸಾಮ್ರಾಜ್ಯಗಳು ಅದನ್ನು ಹಂಚಿಕೊಂಡಿದ್ದವು. ವಾರ್ಸಾ ನಗರವು ರಷ್ಯದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ಮ್ಯೂನಿಕ್ ನಗರದಲ್ಲಿ ವ್ಯಾಸಂಗ ಮುಗಿಸಿದ್ದ ಈ ತರುಣನು ಉಕ್ರೇನಿನ ಬಯಲುಸೀಮೆಯಲ್ಲಿ ಸಂಚರಿಸಿ ಬಂದು, ವಾರ್ಸಾದ ಯುರೋಪೇಸ್ಕಿ ಹೋಟೆಲಿನಲ್ಲಿ ಗೆಳೆಯರೊಡನೆ ಹಂಚಿಕೊಂಡಿದ್ದ ಚಿತ್ರಶಾಲೆಯಲ್ಲಿ ಇದನ್ನು ಎಣ್ಣೆವರ್ಣದಲ್ಲಿ ಬರೆದನು. ಪಟವು ಸುಮಾರು ೧೨೦ ಸೆಂಟಿಮೀಟರ್ ಎತ್ತರ, ೧೫೬ ಸೆಂಟಿಮೀಟರ್ ಅಗಲವಿದೆ. ಇಂದು ಅದು ವಾರ್ಸಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ.

ಚಿತ್ರದಲ್ಲಿರುವುದು ಬಹಳ ಕಡಮೆ. ಕಣ್ಣು ಹರಿಯುವಷ್ಟು ದೂರ ಸಮತಟ್ಟಾದ ಬಯಲು, ಒಣಗತೊಡಗಿದ ಹುಲ್ಲು, ವಿಶಾಲವಾದ ಆಕಾಶ, ದೂರದಲ್ಲಿ ಮೇಯುತ್ತಿರುವ ದನಗಳ ಹಿಂಡು. ದನ ಕಾಯುವ ಹುಡುಗಿ ಬಿಳಿಯ ಅಂಗಿ ತೊಟ್ಟು, ತಲೆಗೆ ವಸ್ತ್ರ ಸುತ್ತಿ, ಬರಿಗಾಲಿನಲ್ಲಿ ಮಲಗಿದ್ದಾಳೆ. ಪಕ್ಕದಲ್ಲಿ ಕರಿಯ ನಾಯಿಯೊಂದು ನಮಗೆ ಬೆನ್ನು ಮಾಡಿ ಕುಳಿತು ಹಿಂಡಿನ ಕಡೆ ನೋಡುತ್ತಿದೆ. ಕಾವಲಿನ ಕೆಲಸವನ್ನು ನಾಯಿಗೆ ಒಪ್ಪಿಸಿ ಹುಡುಗಿ ಎಳೆಯೊಂದಿಗೆ ಆಟವಾಡುತ್ತಿದ್ದಾಳೆ. ಚಿತ್ರವು ವಾರ್ಸಾದಲ್ಲಿ ಪ್ರದರ್ಶಿತವಾದಾಗ ವಿಮರ್ಶಕರು ಮೆಚ್ಚಲಿಲ್ಲ. ಮಣ್ಣು ಮೆತ್ತಿದ ಪಾದಗಳ ರೈತರ ಹುಡುಗಿಯನ್ನು ಇಷ್ಟು ದೊಡ್ಡ ಪಟದಲ್ಲಿ ಬರೆಯುವುದು ಅವರಿಗೆ ಒರಟಾಗಿ ತೋರಿತು. ಅದೇ ವರ್ಷ ಚಿತ್ರಕಾರನು ಪ್ಯಾರಿಸ್ಸಿಗೆ ಹೊರಟುಹೋದನು. ಇಂದು ಪೋಲೆಂಡಿನಲ್ಲಿ ಈ ಚಿತ್ರವನ್ನು ಅರಿಯದವರು ವಿರಳ.

ಚಿತ್ರದ ಹೆಸರು “ಬಾಬ್ಯೆ ಲಾತೊ”. ಪದಶಃ ಇದು “ಹೆಂಗಸರ ಬೇಸಗೆ” ಎಂದಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ, ಚಳಿ ಕಾಲಿಡುವ ಮುನ್ನ, ಪೂರ್ವ ಯೂರೋಪಿನಲ್ಲಿ ಕೆಲವು ದಿನಗಳ ಕಾಲ ಬೇಸಗೆ ಮರಳಿ ಬಂದಂತಾಗುತ್ತದೆ. ಆಕಾಶ ನಿರ್ಮಲ, ರಾತ್ರಿ ತಂಪು, ಹಗಲು ಹಿತವಾದ ಬಿಸಿಲು, ಗಾಳಿ ಬಹು ಮಂದ. ಇಂಥ ದಿನಗಳಿಗೆ ಈ ಹೆಸರು. ಸ್ವಾರಸ್ಯವೆಂದರೆ, ಆ ದಿನಗಳಲ್ಲಿ ಹೊಲಗದ್ದೆಗಳ ಮೇಲೆ ತೇಲಾಡುವ ಜೇಡರ ನೂಲಿಗೂ ಪೋಲಿಷ್ ಭಾಷೆಯಲ್ಲಿ ಇದೇ ಹೆಸರು. ಋತುವನ್ನೂ ಎಳೆಯನ್ನೂ ಒಂದೇ ಮಾತಿನಲ್ಲಿ ಕಟ್ಟಿದ ಆ ಜನಕ್ಕೆ ಇವೆರಡಕ್ಕೂ ಇರುವ ನಂಟು ಚೆನ್ನಾಗಿ ತಿಳಿದಿತ್ತು. ಆ ನಂಟಿನ ಕಾರಣವನ್ನು ಹುಡುಕುವುದೇ ನಮ್ಮ ಕೆಲಸ.

ಕಾಣಬಾರದ ಎಳೆ ಕಾಣುವುದು ಹೇಗೆ?

ಮೊದಲು ಒಂದು ಸಣ್ಣ ತೊಡಕನ್ನು ಬಿಡಿಸಿಕೊಳ್ಳೋಣ. ಮನುಷ್ಯನ ಕಣ್ಣು ಬಿಡಿಬಿಡಿಯಾಗಿ ಗುರುತಿಸಬಲ್ಲ ಅತ್ಯಲ್ಪ ಅಂತರವು ಕೋನದ ಲೆಕ್ಕದಲ್ಲಿ ಸುಮಾರು ಒಂದು ಕಲೆ, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಭಾಗ. ಚಾಚಿದ ಕೈಯ ದೂರದಲ್ಲಿ, ಸುಮಾರು ೬೦ ಸೆಂಟಿಮೀಟರಿನಲ್ಲಿ, ಇದು ೦.೧೭ ಮಿಲಿಮೀಟರ್ ಆಗುತ್ತದೆ. ಜೇಡವು ಹಾರಲು ಬಿಡುವ ನೂಲಾದರೋ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳುವಾಗಿರಬಹುದು. ಹಾಗಾದರೆ ಅದು ಕಣ್ಣಿಗೆ ಬೀಳಲೇಬಾರದಲ್ಲವೆ?

ನಕ್ಷತ್ರಗಳನ್ನು ನೆನೆಯಿರಿ. ನಕ್ಷತ್ರದ ಕೋನೀಯ ಅಗಲವು ಒಂದು ಕಲೆಗಿಂತ ಎಷ್ಟೋ ಸಾವಿರ ಪಟ್ಟು ಚಿಕ್ಕದು. ಆದರೂ ಅದು ನಮಗೆ ಕಾಣುತ್ತದೆ. ವಸ್ತುವು ಎಷ್ಟೇ ಸಣ್ಣದಾಗಿರಲಿ, ಹಿನ್ನೆಲೆಗಿಂತ ಸಾಕಷ್ಟು ಹೆಚ್ಚಿನ ಬೆಳಕು ಅದರಿಂದ ಕಣ್ಣಿಗೆ ಬಂದರೆ ನಮಗೆ ಅರಿವಾಗುತ್ತದೆ. ಅದರ ನಿಜವಾದ ಅಗಲ ಮಾತ್ರ ತಿಳಿಯುವುದಿಲ್ಲ. ಜೇಡರ ನೂಲು ಬಿಸಿಲಿನಲ್ಲಿ ಹೊಳೆಯುವುದು ಹೀಗೆಯೇ. ನಯವಾದ ತಂತಿಯ ಮೇಲೆ ಓರೆಯಾಗಿ ಬಿದ್ದ ಬೆಳಕು ತಂತಿಯನ್ನೇ ಅಕ್ಷವಾಗಿ ಮಾಡಿಕೊಂಡು ಶಂಕುವಿನ ಆಕಾರದಲ್ಲಿ ಹರಡುತ್ತದೆ. ಆ ಶಂಕುವಿನ ಮೇಲೆ ನಮ್ಮ ಕಣ್ಣು ಇದ್ದರೆ ಮಾತ್ರ ಹೊಳಪು ಕಾಣುತ್ತದೆ. ಆದುದರಿಂದಲೇ ತೇಲುವ ಎಳೆಯು ಉದ್ದಕ್ಕೂ ಒಮ್ಮೆಲೇ ಕಾಣದೆ, ಇಲ್ಲೊಂದು ತುಣುಕು ಅಲ್ಲೊಂದು ತುಣುಕು ಮಿಂಚಿ ಮರೆಯಾಗುತ್ತದೆ.

ಋತುವಿನ ಪಾತ್ರವೂ ಇಲ್ಲುಂಟು. ಸೆಪ್ಟೆಂಬರಿನ ವಿಷುವದ ದಿನ ಬೆಂಗಳೂರಿನಲ್ಲಿ ನಡುಹಗಲಿನ ಸೂರ್ಯನು ಕ್ಷಿತಿಜದಿಂದ ಸುಮಾರು ೭೭ ಡಿಗ್ರಿ ಎತ್ತರದಲ್ಲಿರುತ್ತಾನೆ. ೫೦ ಡಿಗ್ರಿ ಉತ್ತರ ಅಕ್ಷಾಂಶದ ಉಕ್ರೇನಿನ ಬಯಲಿನಲ್ಲಿ ಅವನ ಅತ್ಯಧಿಕ ಎತ್ತರ ೪೦ ಡಿಗ್ರಿ ಮಾತ್ರ. ಅಲ್ಲಿ ನಡುಹಗಲಿನಲ್ಲಿಯೂ ಬೆಳಕು ಓರೆಯಾಗಿ ಬರುತ್ತದೆ; ಸೂರ್ಯನ ದಿಕ್ಕಿಗೆ ನೋಡಿದವನಿಗೆ ಹುಲ್ಲಿನ ಮೇಲಿನ ನೂಲೆಲ್ಲ ಬೆಳ್ಳಗೆ ಹೊಳೆಯುತ್ತದೆ.

ಚಿತ್ರಕಾರನಿಗೆ ಈ ಹೊಳಪನ್ನು ಬರೆಯುವುದು ಹೇಗೆ? ಬಣ್ಣದ ಬಿಳಿ ಎಷ್ಟೇ ಶುಭ್ರವಾಗಿರಲಿ, ತನ್ನ ಮೇಲೆ ಬಿದ್ದ ಬೆಳಕಿಗಿಂತ ಹೆಚ್ಚನ್ನು ಅದು ಹಿಂದಕ್ಕೆ ಕೊಡಲಾರದು. ಕೋಣೆಯೊಳಗಿನ ಬೆಳಕೋ ಬಿಸಿಲಿನ ನೂರರ ಒಂದು ಪಾಲೂ ಇರುವುದಿಲ್ಲ. ಆದರೆ ಅತಿ ತೆಳುವಾದ ಗೆರೆಯ ವಿಷಯದಲ್ಲಿ ಕಣ್ಣು ಗಮನಿಸುವುದು ಹೊಳಪು ಮತ್ತು ಅಗಲಗಳ ಗುಣಲಬ್ಧವನ್ನು. ಹೊಳಪಿನಲ್ಲಿ ಬಡವನಾದ ಚಿತ್ರಕಾರನು ಅಗಲದಲ್ಲಿ ಉದಾರಿಯಾಗಬಹುದು. ಕುಂಚದಿಂದೆಳೆದ ಗೆರೆಯು ನಿಜವಾದ ನೂಲಿಗಿಂತ ನೂರಾರು ಪಟ್ಟು ದಪ್ಪ. ಆದರೂ ನೋಡುವವನಿಗೆ ಅದು ನೂಲೇ.

ಎಳೆಯ ಒಡೆಯ

ಈ ನೂಲನ್ನು ಬಿಟ್ಟದ್ದು ಬಲೆ ಕಟ್ಟುವುದಕ್ಕಲ್ಲ, ಪ್ರಯಾಣಕ್ಕೆ. ಮೊಟ್ಟೆಯೊಡೆದು ಬಂದ ನೂರಾರು ಮರಿಗಳು ಒಂದೆಡೆಯೇ ಉಳಿದರೆ ಆಹಾರ ಸಾಲದು. ಒಂದನ್ನೊಂದು ತಿನ್ನುವುದೂ ಉಂಟು. ಚದರಿ ಹೋದವು ಬದುಕುತ್ತವೆ. ರೆಕ್ಕೆಯಿಲ್ಲದ ಪ್ರಾಣಿಗೆ ದೂರ ಹೋಗುವ ಉಪಾಯ ಇದೊಂದೇ. ಮರಿಯು ಹುಲ್ಲಿನ ತುದಿಗೆ ಏರುತ್ತದೆ. ಎಂಟು ಕಾಲುಗಳನ್ನೂ ಚಾಚಿ ತುದಿಗಾಲಿನಲ್ಲಿ ನಿಲ್ಲುತ್ತದೆ. ಹೊಟ್ಟೆಯನ್ನು ಮೇಲಕ್ಕೆತ್ತಿ ನೂಲು ಬಿಡುತ್ತದೆ. ನೂಲು ಸಾಕಷ್ಟು ಉದ್ದವಾದೊಡನೆ ಹುಲ್ಲನ್ನು ಬಿಟ್ಟು ಹಾರಿಹೋಗುತ್ತದೆ. ಬಯಲಿನ ಕೆಲವು ಸಣ್ಣ ಜಾತಿಯ ಜೇಡಗಳು ಬೆಳೆದ ಮೇಲೂ ಹೀಗೆ ಪ್ರಯಾಣ ಮಾಡುತ್ತವೆ. ಇಳಿದ ಮೇಲೆ ನೂಲನ್ನು ಅಲ್ಲಿಯೇ ತೊರೆಯುತ್ತವೆ. ಹೆವ್‌ಮೊನ್‌ಸ್ಕಿಯ ಹುಡುಗಿಯ ಬೆರಳಿಗೆ ಸಿಕ್ಕದ್ದು ಹಾಗೆ ತೊರೆದ ನೂಲು.

ಈ ಪ್ರಯಾಣವು ಎಷ್ಟು ದೂರದ್ದು? ೧೮೩೨ನೆಯ ನವೆಂಬರ್ ೧ರಂದು ದಕ್ಷಿಣ ಅಮೆರಿಕದ ಲಾ ಪ್ಲಾಟಾ ನದೀಮುಖದ ಬಳಿ, ದಡದಿಂದ ೬೦ ಮೈಲಿ ದೂರದಲ್ಲಿ, ‘ಬೀಗಲ್’ ಹಡಗಿನ ಹಗ್ಗಗಳ ಮೇಲೆಲ್ಲ ಸಾವಿರಾರು ಸಣ್ಣ ಕೆಂಪು ಜೇಡಗಳು ಬಂದಿಳಿದುದನ್ನು ಚಾರ್ಲ್ಸ್ ಡಾರ್ವಿನ್ನನು ಕಂಡು ಬರೆದಿಟ್ಟನು. ೧೯೩೯ರಲ್ಲಿ ಪ್ರಕಟವಾದ ಅಮೆರಿಕದ ವರದಿಯೊಂದರಂತೆ, ವಿಮಾನಕ್ಕೆ ಕಟ್ಟಿದ ಬಲೆಗಳಲ್ಲಿ ೧೫,೦೦೦ ಅಡಿ ಎತ್ತರದಲ್ಲಿಯೂ ಜೇಡ ಸಿಕ್ಕಿತು. ಎಲ್ಲಕ್ಕಿಂತ ಮನಮುಟ್ಟುವ ಉದಾಹರಣೆ ಕ್ರಕಟೋವ ದ್ವೀಪದ್ದು. ೧೮೮೩ರ ಆಗಸ್ಟಿನಲ್ಲಿ ಜ್ವಾಲಾಮುಖಿ ಸಿಡಿದು ಆ ದ್ವೀಪದ ಉಳಿದ ಭಾಗವೆಲ್ಲ ಬಿಸಿಬೂದಿಯಲ್ಲಿ ಹೂತುಹೋಯಿತು. ಒಂಬತ್ತು ತಿಂಗಳ ಮೇಲೆ ಜೀವದ ಕುರುಹನ್ನು ಹುಡುಕಿ ಹೋದವರಿಗೆ ಕಂಡದ್ದು ಒಂದೇ ಒಂದು ಪುಟ್ಟ ಜೇಡ. ಅದು ಬಲೆ ನೇಯುತ್ತ ಕುಳಿತಿತ್ತು.

ತೆಳುವಿನ ಲಾಭ

ಒಂದು ಮಿಲಿಗ್ರಾಂ ತೂಗುವ ಜೇಡವನ್ನು ಮೂರು ಮೀಟರ್ ಉದ್ದದ ಒಂದೆಳೆ ಹೊರಬಲ್ಲುದೆ? ನಮಗೆ ಗಾಳಿಯು ಬಲು ತೆಳುವಾದ ವಸ್ತು; ಆದರೆ ಅಷ್ಟು ಸೂಕ್ಷ್ಮವಾದ ನೂಲಿಗೆ ಅದು ಹರಳೆಣ್ಣೆಯಂತೆ ಜಿಗುಟಾಗಿ ವರ್ತಿಸುತ್ತದೆ. ಇಂಥ ಸ್ಥಿತಿಯಲ್ಲಿ ಗಾಳಿಯ ತಡೆಯು ಎಳೆಯ ಉದ್ದವನ್ನು ಬಹುವಾಗಿ ಅವಲಂಬಿಸುತ್ತದೆ, ದಪ್ಪವನ್ನು ಬಹು ಸ್ವಲ್ಪವಾಗಿ. ತೂಕವಾದರೋ ದಪ್ಪದ ವರ್ಗಕ್ಕೆ ಅನುಗುಣವಾದುದು. ಮಿಲಿಮೀಟರಿನ ನೂರರ ಒಂದು ಭಾಗ ದಪ್ಪವಾದ ನೂಲನ್ನು ಐವತ್ತು ಪಟ್ಟು ತೆಳುವಾಗಿಸಿದೆವೆಂದು ಭಾವಿಸೋಣ. ಅದರ ತೂಕ ೨೫೦೦ ಪಟ್ಟು ಇಳಿಯುತ್ತದೆ. ಗಾಳಿಯ ಹಿಡಿತ ಅರ್ಧದಷ್ಟಕ್ಕೆ ಮಾತ್ರ ಇಳಿಯುತ್ತದೆ. ಜೇಡವು ನೂಲನ್ನು ಅಷ್ಟು ತೆಳುವಾಗಿ ತೆಗೆಯುವುದರ ಗುಟ್ಟು ಇದು.

ಲೆಕ್ಕ ಹಾಕಿದರೆ, ಮಿಲಿಮೀಟರಿನ ಐದು ಸಾವಿರದ ಒಂದು ಭಾಗ ದಪ್ಪವೂ ಮೂರು ಮೀಟರ್ ಉದ್ದವೂ ಉಳ್ಳ ಎಳೆಗೆ ತೂಗಿಬಿದ್ದ ಒಂದು ಮಿಲಿಗ್ರಾಂ ಜೇಡವು ನಿಶ್ಚಲವಾದ ಗಾಳಿಯಲ್ಲಿ ಬಹು ಮಂದವಾದ ವೇಗದಿಂದ ಕೆಳಗಿಳಿಯುವುದು. ಎಂದರೆ, ಗಾಳಿಯು ಅದಕ್ಕಿಂತ ತುಸು ಹೆಚ್ಚಿನ ವೇಗದಿಂದ ಮೇಲಕ್ಕೇರಿದರೆ ಸಾಕು, ಜೇಡವೂ ಏರುವುದು. ತಂಪಾದ ರಾತ್ರಿಯ ಬಳಿಕ ಬಿಸಿಲು ಬಿದ್ದ ನೆಲದ ಮೇಲೆ ಇಷ್ಟು ವೇಗದ ಮೇಲ್ಹರಿವು ಸಾಮಾನ್ಯ. ನಾನು ತರಗತಿಯಲ್ಲಿ ಕೊಟ್ಟ ಉತ್ತರಕ್ಕೆ ಇಷ್ಟು ಬಲವುಂಟು.

ಬಿಸಿಗಾಳಿಯೋ ವಿದ್ಯುತ್ತೋ?

೧೮೨೦ರ ದಶಕದ ಕೊನೆಯಲ್ಲಿ ಇದನ್ನು ಕುರಿತು ಬ್ರಿಟನ್ನಿನಲ್ಲಿ ವಾದವೆದ್ದಿತು. ಕಾದ ಗಾಳಿಯ ಮೇಲ್ಹರಿವೇ ಕಾರಣವೆಂದು ಜಾನ್ ಬ್ಲ್ಯಾಕ್‌ವಾಲ್ ಹೇಳಿದನು. ವಿದ್ಯುತ್ತೇ ಕಾರಣವೆಂದು ಜಾನ್ ಮರ್ರೆ ಹೇಳಿದನು. ಡಾರ್ವಿನ್ನನು ತನ್ನ ಪ್ರವಾಸದಲ್ಲಿ ಒಂದು ವಿಚಿತ್ರವನ್ನು ಗಮನಿಸಿದ್ದನು. ಕಂಬದ ತುದಿಯಲ್ಲಿ ನಿಂತ ಜೇಡವೊಂದು ನಾಲ್ಕೈದು ಎಳೆಗಳನ್ನು ಬಿಟ್ಟಾಗ, ಅವು ಒಂದಕ್ಕೊಂದು ಸುತ್ತಿಕೊಳ್ಳದೆ ಬೀಸಣಿಗೆಯ ಕಡ್ಡಿಗಳಂತೆ ಬೇರೆಬೇರೆಯಾಗಿ ಹರಡಿ ಮೇಲಕ್ಕೆದ್ದವು. ಗಾಳಿಯಷ್ಟೇ ಎಳೆಯುತ್ತಿದ್ದರೆ ಅವು ಸಿಕ್ಕುಬೀಳಬೇಕಿತ್ತು. ಎಲ್ಲ ಎಳೆಗಳಿಗೂ ಒಂದೇ ಬಗೆಯ ವಿದ್ಯುದಾವೇಶವಿದ್ದು ಅವು ಪರಸ್ಪರ ದೂಡುತ್ತಿರಬಹುದೆಂದು ಅವನು ಊಹಿಸಿದನು. ಆದರೆ ಅಳೆದು ತೋರಿಸುವ ಸಾಧನಗಳು ಆ ಕಾಲಕ್ಕೆ ಇರಲಿಲ್ಲ. ಗಾಳಿಯ ಪಕ್ಷವೇ ಗೆದ್ದಂತಾಗಿ ವಿದ್ಯುತ್ತಿನ ಮಾತು ಹಿಂದೆ ಬಿದ್ದಿತು. ಹೆವ್‌ಮೊನ್‌ಸ್ಕಿ ಚಿತ್ರ ಬರೆದಾಗ ಪ್ರಶ್ನೆಗೆ ಐವತ್ತು ವರ್ಷ ತುಂಬುತ್ತ ಬಂದಿತ್ತು.

ವಿದ್ಯುತ್ತು ಬರುವುದೆಲ್ಲಿಂದ? ಮೋಡವಿಲ್ಲದ ದಿನದಲ್ಲಿಯೂ ಭೂಮಿಯ ಮೈಯಲ್ಲಿ ಋಣಾವೇಶವಿರುತ್ತದೆ. ಮೇಲಿನ ವಾಯುಮಂಡಲದಲ್ಲಿ ಧನಾವೇಶ. ಪ್ರಪಂಚದ ನಾನಾ ಕಡೆಗಳಲ್ಲಿ ಎಡೆಬಿಡದೆ ನಡೆಯುವ ಗುಡುಗುಮಳೆಗಳು ಈ ವ್ಯತ್ಯಾಸವನ್ನು ಕಾಯ್ದುಕೊಂಡು ಬರುತ್ತವೆ. ಇದರ ಫಲವಾಗಿ ಬಯಲಿನಲ್ಲಿ ಪ್ರತಿ ಮೀಟರ್ ಎತ್ತರಕ್ಕೂ ವಿಭವವು ಸುಮಾರು ೧೦೦ ವೋಲ್ಟ್ ಏರುತ್ತದೆ. ನಮಗೆ ಆಘಾತವಾಗದಿರುವುದಕ್ಕೆ ಕಾರಣ, ನಮ್ಮ ದೇಹವು ನೆಲದ ವಿಭವದಲ್ಲಿಯೇ ಇರುವುದು, ಮತ್ತು ಗಾಳಿಯು ತೀರ ಕಳಪೆಯಾದ ವಾಹಕವಾಗಿರುವುದು.

ನೂಲಿನಲ್ಲಿ ಋಣಾವೇಶವಿದ್ದರೆ ಋಣಾವೇಶದ ನೆಲವು ಅದನ್ನು ಮೇಲಕ್ಕೆ ದೂಡುವುದು. ಆದರೆ ಎಷ್ಟು ಆವೇಶ ಬೇಕು? ೧೦೦ ವೋಲ್ಟ್ ಕ್ಷೇತ್ರದಲ್ಲಿ ಒಂದು ಮಿಲಿಗ್ರಾಂ ಜೇಡವನ್ನು ಎತ್ತಿ ಹಿಡಿಯಲು ಒಂದು ಕೂಲಂಬಿನ ಕೋಟಿಯ ಒಂದು ಅಂಶದಷ್ಟು ಬೇಕಾಗುತ್ತದೆ. ಕೇಳಲು ಅತ್ಯಲ್ಪವೆನಿಸಿದರೂ ಒಂದು ನೂಲಿಗೆ ಇದು ಭಾರಿಯಾದ ಹೊರೆ. ಇಲ್ಲಿ ಜೇಡದ ನೆರವಿಗೆ ಬರುವುದು ಹುಲ್ಲಿನ ತುದಿ. ಚೂಪಾದ ತುದಿಗಳ ಬಳಿ ವಿದ್ಯುತ್‌ಕ್ಷೇತ್ರವು ಹಲವು ಪಟ್ಟು ತೀಕ್ಷ್ಣವಾಗುವುದು. ಕ್ಷೇತ್ರವು ಹತ್ತು ಪಟ್ಟಾದರೆ ಹತ್ತನೆಯ ಒಂದು ಪಾಲು ಆವೇಶ ಸಾಕು. ಜೇಡವು ಹಾರುವ ಮುನ್ನ ಹುಲ್ಲಿನ ತುದಿಗೆ ಏರಿ ತುದಿಗಾಲಿನಲ್ಲಿ ನಿಲ್ಲುವುದು ಗಾಳಿಗೆ ಮೈಯೊಡ್ಡುವುದಕ್ಕೆ ಮಾತ್ರವಲ್ಲ. ಕ್ಷೇತ್ರವು ಅತಿ ಪ್ರಬಲವಾದ ಎಡೆಯೂ ಅದೇ.

ಪ್ರಯೋಗದ ಸಾಕ್ಷ್ಯ

ಊಹೆಯನ್ನು ಪರೀಕ್ಷಿಸುವ ಪ್ರಯೋಗವು ನಡೆದದ್ದು ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದಲ್ಲಿ. ೨೦೧೮ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಎರಿಕಾ ಮೋರ್ಲಿ ಮತ್ತು ಡೇನಿಯಲ್ ರಾಬರ್ಟ್ ಅವರು ಗಾಳಿಯಾಡದ ಪೆಟ್ಟಿಗೆಯಲ್ಲಿ, ಹೊರಗಿನ ವಿದ್ಯುತ್‌ಕ್ಷೇತ್ರವು ಒಳಗೆ ಬಾರದಂತೆ ತಡೆದು, ಬಯಲಿನ ಸಣ್ಣ ಜೇಡಗಳನ್ನು ಇರಿಸಿದರು. ಬಳಿಕ ಕೃತಕವಾಗಿ ಲಂಬದಿಕ್ಕಿನ ಕ್ಷೇತ್ರವನ್ನು ಉಂಟುಮಾಡಿದರು. ಕ್ಷೇತ್ರವಿದ್ದಾಗ ಜೇಡಗಳು ತುದಿಗಾಲಿನಲ್ಲಿ ನಿಂತು ನೂಲು ಬಿಡುವುದು ಹೆಚ್ಚಿತು. ಗಾಳಿಗೆ ಬಿದ್ದ ಜೇಡಗಳು ಕ್ಷೇತ್ರವನ್ನು ಹಾಕಿದರೆ ಮೇಲಕ್ಕೇರಿದವು, ತೆಗೆದರೆ ಕೆಳಗಿಳಿದವು. ಜೇಡದ ಕಾಲಿನ ಮೇಲಿನ ಸೂಕ್ಷ್ಮ ರೋಮಗಳು ಕ್ಷೇತ್ರಕ್ಕೆ ಪ್ರತಿಕ್ರಿಯೆಯಾಗಿ ಅಲುಗಿದುದನ್ನೂ ಅವರು ಅಳೆದರು. ಎಂದರೆ, ಜೇಡಕ್ಕೆ ವಿದ್ಯುತ್‌ಕ್ಷೇತ್ರದ ಅರಿವಾಗುತ್ತದೆ.

ಅದೇ ವರ್ಷ ಬರ್ಲಿನ್ನಿನಲ್ಲಿ ಮೂನ್‌ಸುಂಗ್ ಚೋ ಮತ್ತು ಸಂಗಡಿಗರು ಏಡಿ ಜೇಡಗಳ ಹಾರಾಟವನ್ನು ಗಾಳಿಯಲ್ಲಿ ಪರಿಶೀಲಿಸಿದರು. ಹಾರುವ ಮುನ್ನ ಈ ಜೇಡವು ಮುಂಗಾಲನ್ನು ಎತ್ತಿ ಹಿಡಿದು ಗಾಳಿಯನ್ನು ಪರೀಕ್ಷಿಸುತ್ತದೆ. ಗಾಳಿ ಸೆಕೆಂಡಿಗೆ ಮೂರು ಮೀಟರಿಗಿಂತ ಮಂದವಾಗಿದ್ದರೆ, ಐವತ್ತು ಅರವತ್ತು ಎಳೆಗಳನ್ನು ಒಮ್ಮೆಗೇ ಬಿಡುತ್ತದೆ. ಅವುಗಳ ಉದ್ದ ಸುಮಾರು ಮೂರು ಮೀಟರ್. ದಪ್ಪ ಮಿಲಿಮೀಟರಿನ ಐದು ಸಾವಿರದ ಒಂದು ಭಾಗ.

ಹೀಗೆ ಬ್ಲ್ಯಾಕ್‌ವಾಲನೂ ಸರಿ, ಮರ್ರೆಯೂ ಸರಿ. ಮಂದವಾದ ಮೇಲ್ಹರಿವು ಜೇಡವನ್ನು ಒಯ್ಯಬಲ್ಲುದು. ಗಾಳಿಯ ನೆರವಿಲ್ಲದೆ ವಿದ್ಯುತ್‌ಕ್ಷೇತ್ರವೂ ಅದನ್ನು ಎಬ್ಬಿಸಬಲ್ಲುದು. ಒಂದು ಸರಿಯಾದ ಕಾರಣ ದೊರೆತೊಡನೆ ಇನ್ನೊಂದನ್ನು ಹುಡುಕುವುದನ್ನು ಬಿಟ್ಟದ್ದೇ ತಪ್ಪು. ಆ ತಪ್ಪನ್ನು ವಿದ್ವಾಂಸರು ನೂರೆಂಬತ್ತು ವರ್ಷ ಮಾಡಿದರು. ನಾನು ತರಗತಿಯಲ್ಲಿ ಅರ್ಧ ನಿಮಿಷದಲ್ಲಿ ಮಾಡಿದೆನು.

ಮತ್ತೆ ಚಿತ್ರದ ಬಳಿಗೆ

ಮುಂದಿನ ವಾರ ಇದನ್ನೆಲ್ಲ ತರಗತಿಯಲ್ಲಿ ವಿವರಿಸಿ, ನನ್ನ ಮೊದಲಿನ ಉತ್ತರವು ಅಪೂರ್ಣವೆಂದು ಒಪ್ಪಿಕೊಂಡೆನು. ಒಂದು ಸುಲಭವಾದ ಪ್ರಯೋಗವನ್ನೂ ತೋರಿಸಿದೆನು. ವಾಚಕರೂ ಮನೆಯಲ್ಲಿ ಮಾಡಬಹುದು. ಪ್ಲಾಸ್ಟಿಕ್ಕಿನ ಕಟ್ಟುದಾರದ ಗೇಣುದ್ದದ ತುಂಡನ್ನು ತೆಗೆದುಕೊಂಡು, ಒಂದು ತುದಿಯಲ್ಲಿ ಗಂಟು ಹಾಕಿ, ಉಳಿದುದನ್ನು ಸಣ್ಣ ಸಣ್ಣ ಎಳೆಗಳಾಗಿ ಸೀಳಿ. ಗಾಳಿ ಒಣಗಿರುವ ದಿನ ಅದನ್ನು ಬಟ್ಟೆಯಿಂದ ನಾಲ್ಕಾರು ಬಾರಿ ಉಜ್ಜಿರಿ. ಎಳೆಗಳು ಒಂದನ್ನೊಂದು ದೂಡಿ ಬೀಸಣಿಗೆಯಂತೆ ಹರಡಿಕೊಳ್ಳುವುವು. ಕಂಬದ ತುದಿಯಲ್ಲಿ ಡಾರ್ವಿನ್ನನು ಕಂಡದ್ದು ಇದರ ಸೂಕ್ಷ್ಮರೂಪ.

ಪಾಠ ಮುಗಿಯುವ ಹೊತ್ತಿಗೆ ಅದೇ ವಿದ್ಯಾರ್ಥಿನಿ ಮತ್ತೆ ಎದ್ದು ನಿಂತಳು. “ಆ ಹುಡುಗಿ ಈಗ ನೂಲನ್ನು ಕೈಬಿಟ್ಟರೆ ಅದು ಮೇಲಕ್ಕೆ ಹೋಗುವುದೋ ಕೆಳಕ್ಕೆ ಬೀಳುವುದೋ, ಸರ್?”

ಈ ಸಲ ನಾನು ಅವಸರಪಡಲಿಲ್ಲ. ಸೀಮೆಸುಣ್ಣವನ್ನು ಅವಳ ಕೈಗೆ ಕೊಟ್ಟು, ಲೆಕ್ಕವನ್ನು ಎಲ್ಲರೂ ಕೂಡಿ ಮಾಡಿದೆವು. ಮೂರು ಮೀಟರ್ ಉದ್ದದ ಒಂಟಿ ಎಳೆ, ಕೆಳಗೆ ಜೇಡವಿಲ್ಲ. ಎಳೆಯ ತೂಕ ಒಂದು ಮಿಲಿಗ್ರಾಮಿನ ಎಂಟು ಸಾವಿರದ ಒಂದು ಭಾಗ. ವಿದ್ಯುತ್ತಿನ ಮಾತನ್ನು ಬದಿಗಿಟ್ಟರೂ, ಪೂರ್ಣ ನಿಶ್ಚಲವಾದ ಗಾಳಿಯಲ್ಲಿ ಅದು ಒಂದು ಮೀಟರ್ ಕೆಳಗಿಳಿಯಬೇಕಾದರೆ ಒಂಬತ್ತು ಹತ್ತು ಗಂಟೆ ಬೇಕು. ಬಿಸಿಲಿರುವ ಬಯಲಿನಲ್ಲಿ ಅಷ್ಟು ಹೊತ್ತು ನಿಶ್ಚಲವಾಗಿರುವ ಗಾಳಿ ಎಲ್ಲಿಯೂ ಇಲ್ಲ. ಆದುದರಿಂದ ನೂಲಿಗೆ ತನ್ನದೆಂಬ ದಾರಿಯಿಲ್ಲ. ಗಾಳಿ ಹೋದತ್ತ ಅದೂ ಹೋಗುವುದು, ಸಂಜೆಯವರೆಗೂ ಹುಲ್ಲಿನ ಮೇಲೆ ಹೊಳೆಯುತ್ತ ತೇಲಾಡುವುದು. ನಾಲ್ಕೆಂಟು ಎಳೆಗಳು ಒಂದಕ್ಕೊಂದು ಸುತ್ತಿಕೊಂಡು ಮುದ್ದೆಯಾದಾಗ ಮಾತ್ರ ಅದು ನೆಲ ಸೇರುವುದು.

ಲೆಕ್ಕ ಮುಗಿದ ಮೇಲೆ ಚಿತ್ರವನ್ನು ಇನ್ನೊಮ್ಮೆ ಕೈಯಿಂದ ಕೈಗೆ ದಾಟಿಸಿದೆವು. ಮೊದಲ ದಿನ ಎಲ್ಲರೂ ಆಕಾಶವನ್ನೂ ನಾಯಿಯನ್ನೂ ನೋಡಿದ್ದರು. ಈ ಸಲ ಪ್ರತಿಯೊಬ್ಬರೂ ಪಟವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ, ಹುಡುಗಿಯ ಬೆರಳ ತುದಿಯಲ್ಲಿ ಎಳೆ ಎಲ್ಲಿ ಮೊದಲಾಗಿ ಎಲ್ಲಿ ಕಣ್ಮರೆಯಾಗುತ್ತದೆಂದು ಹುಡುಕುತ್ತಿದ್ದರು. ವಾಚಕರೂ ಮಾರ್ಗಶಿರದ ಮುಂಜಾನೆ ಹೊಲದ ಬದುವಿನ ಮೇಲೆ ಸೂರ್ಯನಿಗೆ ಎದುರಾಗಿ ನಿಂತು ಹುಲ್ಲಿನ ತುದಿಗಳನ್ನು ನೋಡಬಹುದು. ಹೊಳೆದದ್ದು ಇಬ್ಬನಿಯೋ ನೂಲೋ ಎಂದು ತಿಳಿಯಬೇಕಾದರೆ ತಲೆಯನ್ನು ತುಸು ಅತ್ತಿತ್ತ ಸರಿಸಿರಿ. ಹೊಳಪು ಎಳೆಯುದ್ದಕ್ಕೂ ಜಾರುತ್ತ ಹೋದರೆ ಅದು ನೂಲು.